ಸೀಸದ ಜಾಡು ಹಿಡಿದ ಡಾಕ್ಟರು ಆಲಿಸ್ ಹ್ಯಾಮಿಲ್ಟನ್

ಕಾರ್ಖಾನೆಯಲ್ಲಿ ದುಡಿಯುವವನಿಗೆ ಕಾಯಿಲೆ ಬಂದರೆ ತಪ್ಪು ಯಾರದು? ನೂರು ವರ್ಷಗಳ ಹಿಂದಿನ ಅಮೆರಿಕದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದಿತ್ತು. ಕೂಲಿಯವನು ಕೈ ತೊಳೆಯದೆ ಊಟಕ್ಕೆ ಕೂರುತ್ತಾನೆ, ಸಂಜೆಯಾದರೆ ಕುಡಿಯುತ್ತಾನೆ, ಅದಕ್ಕೇ ಮೈಗೆ ವಿಷ ಏರಿದೆ ಎಂದು ಮಾಲೀಕರು ಹೇಳುತ್ತಿದ್ದರು. ಅನೇಕ ವೈದ್ಯರೂ ಅದನ್ನೇ ಹೇಳುತ್ತಿದ್ದರು. ಆ ಉತ್ತರ ತಪ್ಪೆಂದು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದು, ಲೆಕ್ಕ ಸಮೇತ ತೋರಿಸಿಕೊಟ್ಟವರು ಡಾ. ಆಲಿಸ್ ಹ್ಯಾಮಿಲ್ಟನ್. ಸೀಸವೆಂಬ ಭಾರ ಲೋಹ ರಕ್ತದ ಕೆಂಪು ಕಣಗಳನ್ನು ಹೇಗೆ ಹಾಳುಮಾಡುತ್ತದೆ ಎಂಬುದು ಇಂದು ವೈದ್ಯ ವಿದ್ಯಾರ್ಥಿಗಳಿಗೆಲ್ಲ ಪಾಠ. ಆ ಸೀಸ ಕೂಲಿಕಾರನ ಮೈಯೊಳಗೆ ಹೋಗುವ ದಾರಿಯನ್ನು ಅಮೆರಿಕದಲ್ಲಿ ಹುಡುಕಿದ ಕಥೆ ಮಾತ್ರ ಬಹುಮಟ್ಟಿಗೆ ಈಕೆಯ ಬದುಕಿನ ಕಥೆಯೇ ಆಗಿದೆ.

1869ರ ಫೆಬ್ರವರಿ 27ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದ ಆಲಿಸ್ ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಪಟ್ಟಣದಲ್ಲಿ. ಅನುಕೂಲಸ್ಥ ಮನೆತನ. ನಾಲ್ವರು ಅಕ್ಕತಂಗಿಯರು, ಒಬ್ಬ ತಮ್ಮ. ಮಕ್ಕಳಿಗೆ ಚಿಕ್ಕಂದಿನ ಓದು ಮನೆಯಲ್ಲೇ ಆಯಿತು. ಭಾಷೆ, ಸಾಹಿತ್ಯ ಧಾರಾಳವಾಗಿ ಸಿಕ್ಕಿತು, ವಿಜ್ಞಾನ ಅಷ್ಟಕ್ಕಷ್ಟೆ. ಅಕ್ಕ ಈಡಿತ್ ಹ್ಯಾಮಿಲ್ಟನ್ ಮುಂದೆ ಗ್ರೀಕ್ ಪುರಾಣಗಳನ್ನು ಕುರಿತು ಬರೆದು ಹೆಸರಾದರು. 1880ರ ದಶಕದಲ್ಲಿ ತಂದೆಯ ಕಿರಾಣಿ ಸಗಟು ವ್ಯಾಪಾರ ಮುಳುಗಿದಾಗ ಹೆಣ್ಣುಮಕ್ಕಳೂ ಸ್ವಂತ ಕಾಲ ಮೇಲೆ ನಿಲ್ಲಬೇಕಾಯಿತು. ಆಲಿಸ್ ಆರಿಸಿಕೊಂಡದ್ದು ವೈದ್ಯಕೀಯ. ಡಾಕ್ಟರಾದರೆ ಎಲ್ಲಿಗೆ ಬೇಕಾದರೂ ಹೋಗಿ ಬದುಕಬಹುದು ಎಂಬುದು ಅದಕ್ಕೆ ಒಂದು ಕಾರಣ. ವಿಜ್ಞಾನದ ಪಾಠವನ್ನು ಮೊದಲಿನಿಂದ ಕಲಿತು, 1893ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅನಂತರ ಅಕ್ಕನ ಜೊತೆ ಜರ್ಮನಿಗೆ ಹೋಗಿ ಲೈಪ್‌ಜಿಗ್ ಮತ್ತು ಮ್ಯೂನಿಕ್ ನಗರಗಳಲ್ಲಿ ರೋಗಶಾಸ್ತ್ರ, ಬ್ಯಾಕ್ಟೀರಿಯಾ ಶಾಸ್ತ್ರ ಓದಿದರು. ಹೆಂಗಸರು ತರಗತಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಕೂರಬೇಕು ಎಂಬ ಷರತ್ತಿನ ಮೇಲೆ ಅಲ್ಲಿ ಪ್ರವೇಶ ಸಿಕ್ಕಿತ್ತು.

1897ರಲ್ಲಿ ಆಕೆ ಷಿಕಾಗೊ ನಗರಕ್ಕೆ ಬಂದರು. ಮಹಿಳಾ ವೈದ್ಯಕೀಯ ಕಾಲೇಜೊಂದರಲ್ಲಿ ರೋಗಶಾಸ್ತ್ರ ಕಲಿಸುವ ಕೆಲಸ. ವಾಸಕ್ಕೆ ಮಾತ್ರ ಹಲ್ ಹೌಸ್ ಎಂಬ ಮನೆಯನ್ನು ಆರಿಸಿಕೊಂಡರು. ಸಮಾಜ ಸೇವಕಿ ಜೇನ್ ಆಡಮ್ಸ್ ನಡೆಸುತ್ತಿದ್ದ ಆ ಮನೆ ಬಡವರ ಕೇರಿಯ ನಡುವೆ ಇತ್ತು. ಸುತ್ತಮುತ್ತ ಇಟಲಿ, ಪೋಲೆಂಡ್, ಗ್ರೀಸ್, ರಷ್ಯಾ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಜನ. ಓದಿದ ಹೆಂಗಸರು ಅಲ್ಲೇ ವಾಸವಿದ್ದು ಅಕ್ಕಪಕ್ಕದವರಿಗೆ ಪಾಠ ಹೇಳುವುದು, ಶಿಶುಗಳ ಆರೈಕೆ ಮಾಡುವುದು ವಾಡಿಕೆ. ಆಲಿಸ್ ಹಸುಗೂಸುಗಳಿಗೆ ಕ್ಲಿನಿಕ್ ನಡೆಸಿದರು. ಇಪ್ಪತ್ತೆರಡು ವರ್ಷ ಅಲ್ಲೇ ಇದ್ದರು.

1902ರಲ್ಲಿ ಆ ಕೇರಿಯಲ್ಲಿ ಟೈಫಾಯ್ಡ್ ಹಬ್ಬಿದಾಗ ಬಯಲು ಕಕ್ಕಸಿನ ನೊಣಗಳೇ ಕಾರಣವೆಂದು ಆಕೆ ಬರೆದ ಲೇಖನ ಬಹಳ ಹೊಗಳಿಕೆ ಪಡೆಯಿತು. ಆಮೇಲೆ ನೋಡಿದರೆ ಕುಡಿಯುವ ನೀರಿನ ಕೊಳವೆಗೆ ಚರಂಡಿ ನೀರು ಸೇರಿತ್ತು, ಅಧಿಕಾರಿಗಳು ಅದನ್ನು ಮುಚ್ಚಿಟ್ಟಿದ್ದರು. ತನಗೆ ಹೆಸರು ತಂದ ಲೇಖನ ತಪ್ಪಾಗಿತ್ತು ಎಂಬುದನ್ನು ಆಲಿಸ್ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಮುಂದಿನ ಕೆಲಸದಲ್ಲಿ ಆಕೆ ಸಾಕ್ಷ್ಯದ ಬಗ್ಗೆ ತೋರಿದ ಬಿಗಿ ನೋಡಿದರೆ ಈ ಪೆಟ್ಟು ವ್ಯರ್ಥವಾಗಲಿಲ್ಲ ಎನ್ನಬಹುದು.

ಕೇರಿಯ ಜನರ ಮಾತು ಕೇಳುತ್ತಾ ಆಕೆಯ ಮನಸ್ಸು ಪ್ರಯೋಗಾಲಯದಿಂದ ಕಾರ್ಖಾನೆಯ ಕಡೆಗೆ ತಿರುಗಿತು. ಉಕ್ಕಿನ ಕಾರ್ಖಾನೆಯಲ್ಲಿ ಅನಿಲ ಕುಡಿದು ಬಿದ್ದವರು, ಬಣ್ಣ ಬಳಿಯುತ್ತಾ ಕೈ ಸೋತವರು ಅಲ್ಲಿ ಮನೆಮನೆಗೂ ಇದ್ದರು. ಇಂಗ್ಲೆಂಡಿನ ವೈದ್ಯ ಥಾಮಸ್ ಆಲಿವರ್ ಅಪಾಯಕಾರಿ ಕಸುಬುಗಳ ಬಗ್ಗೆ ಪ್ರಕಟಿಸಿದ್ದ ಗ್ರಂಥವನ್ನು ಆಕೆ ಓದಿದರು. ಯುರೋಪಿನಲ್ಲಿ ಇದಕ್ಕೆಲ್ಲ ಕಾನೂನುಗಳಿದ್ದವು. ಅಮೆರಿಕದಲ್ಲಿ ಲೆಕ್ಕ ಇಟ್ಟವರೂ ಇರಲಿಲ್ಲ. ತಮ್ಮ ಕಾರ್ಖಾನೆಗಳು ಯುರೋಪಿನವಕ್ಕಿಂತ ಎಷ್ಟೋ ಮೇಲು, ಅಲ್ಲಿ ಇಂಥ ರೋಗ ಬರುವುದಿಲ್ಲ ಎಂಬ ನಂಬಿಕೆ ಬೇರೆ.

1910ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಕಸುಬಿನಿಂದ ಬರುವ ರೋಗಗಳ ಸಮೀಕ್ಷೆಯನ್ನು ಆಕೆಗೆ ವಹಿಸಿತು. ಆ ದೇಶದಲ್ಲೇ ಇಂಥ ಮೊದಲ ಸಮೀಕ್ಷೆ ಇದು. ಆಲಿಸ್ ತಮ್ಮ ಪಾಲಿಗೆ ತೆಗೆದುಕೊಂಡದ್ದು ಸೀಸ. ಕಾರ್ಖಾನೆಯೊಳಗೆ ಬಲವಂತವಾಗಿ ಹೋಗುವ ಅಧಿಕಾರ ಆಕೆಗೆ ಇರಲಿಲ್ಲ. ಯಾವ ಕಾರ್ಖಾನೆಯಲ್ಲಿ ಸೀಸ ಬಳಸುತ್ತಾರೆ ಎಂಬ ಪಟ್ಟಿಯೂ ಇರಲಿಲ್ಲ. ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರೆ ರೋಗಿ ಎಷ್ಟು ಹೊಗೆಸೊಪ್ಪು ಸೇದುತ್ತಾನೆ, ಎಷ್ಟು ಮದ್ಯ ಕುಡಿಯುತ್ತಾನೆ, ಕಾಫಿ ಎಷ್ಟು ಎಂಬುದೆಲ್ಲ ಬರೆದಿರುತ್ತಿತ್ತು. ಮೈಗೆ ಸೀಸ ಹೇಗೆ ಬಂತು ಎಂದು ಕೇಳಿದವರು ಮಾತ್ರ ಇರಲಿಲ್ಲ. ಕೇಳಿದ್ದರೂ ಉತ್ತರ ತಿಳಿಯುವುದು ಸುಲಭವಿರಲಿಲ್ಲ. ಡಾಕ್ಟರ ಭಾಷೆ ಇಂಗ್ಲಿಷ್, ರೋಗಿಯ ಭಾಷೆ ಪೋಲಿಷ್ ಅಥವಾ ಬಲ್ಗೇರಿಯನ್. ಒಂದು ಭಾಷೆಯಲ್ಲಿ ಬದುಕಿ ಇನ್ನೊಂದು ಭಾಷೆಯ ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಳ್ಳುವ ಗಡಿನಾಡಿನ ಜನಕ್ಕೆ ಈ ತೊಡಕನ್ನು ಬಿಡಿಸಿ ಹೇಳಬೇಕಿಲ್ಲ.

ಆಲಿಸ್ ಕಂಡುಕೊಂಡ ದಾರಿ ನಡೆಯುವುದು ಮತ್ತು ಕೇಳುವುದು. ಚರ್ಚಿನ ಪಾದ್ರಿ, ಔಷಧಿ ಅಂಗಡಿಯವನು, ಕಾರ್ಮಿಕ ಸಂಘದ ಮುಖಂಡ, ಕೇರಿಯ ವೈದ್ಯ ಹೀಗೆ ಎಲ್ಲರ ಬಳಿ ವಿಚಾರಿಸಿದರು. ರೋಗಿಯ ಮನೆಯ ಅಡುಗೆಮನೆಯಲ್ಲಿ ಕೂತು ಹೆಂಡತಿಯನ್ನೂ ಮಾತನಾಡಿಸಿದರು. ಕಾರ್ಖಾನೆಯ ಗೇಟಿನಲ್ಲಿ ಮಾತನಾಡಲು ಹೆದರುವ ಕೂಲಿಕಾರ ಮನೆಯಲ್ಲಿ ಹೆದರುತ್ತಿರಲಿಲ್ಲ.

ಒಂದು ಪ್ರಕರಣ ಹೇಳಲೇಬೇಕು. ಆಸ್ಪತ್ರೆಯಲ್ಲಿ ಪೋಲೆಂಡಿನ ಕೂಲಿಕಾರನೊಬ್ಬ ಸಿಕ್ಕಿದ. ಸೀಸದ ಹೊಟ್ಟೆನೋವು ತೀವ್ರವಾಗಿತ್ತು, ಎರಡೂ ಮಣಿಕಟ್ಟು ಸೋತು ಕೈ ಜೋತುಬಿದ್ದಿತ್ತು. ಬಾತ್ ಟಬ್ಬಿಗೆ ಎನಾಮೆಲ್ ಹಾಕುವುದು ತನ್ನ ಕೆಲಸ ಎಂದ. ಆಕೆ ಓದಿದ ಇಂಗ್ಲಿಷ್, ಜರ್ಮನ್ ಗ್ರಂಥಗಳಲ್ಲಿ ಈ ಕಸುಬಿನ ಹೆಸರೇ ಇರಲಿಲ್ಲ. ಕಾರ್ಖಾನೆಗೆ ಹೋದರೆ ಅಲ್ಲಿ ಸೀಸವನ್ನೇ ಬಳಸುವುದಿಲ್ಲ ಎಂದರು, ಬೇಕಾದರೆ ನೋಡಿ ಎಂದು ಒಳಗೂ ಬಿಟ್ಟರು. ಟಬ್ಬಿನ ಹೊರಮೈಗೆ ಬಣ್ಣ ಬಳಿಯುವವರು ಕಂಡರು, ಆ ಬಣ್ಣದಲ್ಲಿ ಸೀಸ ಇರಲಿಲ್ಲ. ಬೇರೆಯವರಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆಲಿಸ್ ಮತ್ತೆ ಆ ಕೂಲಿಕಾರನ ಮನೆ ಹುಡುಕಿಕೊಂಡು ಹೋದರು. ನೀವು ನೋಡಿದ್ದು ಕೊನೆಯ ಮೆರುಗು ಕೆಲಸ, ನಿಜವಾದ ಎನಾಮೆಲ್ ಹಾಕುವ ಜಾಗ ಬೇರೆಯೇ ಇದೆ ಎಂದು ಅವನು ತಿಳಿಸಿದ. ಕೆಂಪಗೆ ಕಾದ ಕಬ್ಬಿಣದ ಟಬ್ಬಿನ ಮೇಲೆ ನುಣ್ಣನೆಯ ಎನಾಮೆಲ್ ಪುಡಿಯನ್ನು ಉದುರಿಸಬೇಕು, ಅದು ಕರಗಿ ಹರಡುತ್ತದೆ. ಪುಡಿ ಗಾಳಿಯಲ್ಲಿ ತೇಲುತ್ತದೆ. ಉರಿಯ ಮುಂದೆ ನಿಂತವನು ಏದುಸಿರು ಬಿಡುತ್ತಾ ಅದನ್ನೇ ಒಳಗೆಳೆದುಕೊಳ್ಳುತ್ತಾನೆ. ಆ ಪುಡಿಯ ಮಾದರಿ ತರಿಸಿ ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಕರಗಬಲ್ಲ ಸೀಸ ನೂರಕ್ಕೆ 20ರಷ್ಟು ಸಿಕ್ಕಿತು.

ಸೀಸ ಬಳಸುವ ಎಪ್ಪತ್ತಕ್ಕೂ ಹೆಚ್ಚು ಬಗೆಯ ಕೆಲಸಗಳು ಆ ಒಂದೇ ರಾಜ್ಯದಲ್ಲಿ ಪತ್ತೆಯಾದವು. 578 ಮಂದಿಗೆ ಸೀಸದ ವಿಷ ಏರಿದ್ದು ದಾಖಲಾಯಿತು. ಪಕ್ಕಾ ಆಧಾರವಿಲ್ಲದ ಪ್ರಕರಣಗಳನ್ನು ಆಕೆ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ ಎಂಬುದನ್ನು ನೆನಪಿಡಬೇಕು. 1911ರಲ್ಲಿ ಇಲಿನಾಯ್ ರಾಜ್ಯ ಕಸುಬಿನ ರೋಗಗಳ ಕಾನೂನು ಮಾಡಿತು. ಅಪಾಯದ ಕೆಲಸ ಮಾಡುವವರಿಗೆ ತಿಂಗಳಿಗೊಮ್ಮೆ ವೈದ್ಯ ಪರೀಕ್ಷೆ ಮಾಡಿಸುವ ಹೊಣೆ ಮಾಲೀಕನ ಮೇಲೆ ಬಿತ್ತು.

ಅದಾದ ಮೇಲೆ ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆ ದೇಶದ ಎಲ್ಲ ಕಡೆ ಸೀಸದ ಉದ್ಯಮವನ್ನು ನೋಡಿ ಬರಲು ಆಕೆಯನ್ನು ನೇಮಿಸಿತು. ಮೊದಲಿಗೆ ಬಿಳಿ ಸೀಸ, ಅಂದರೆ ಬಣ್ಣಕ್ಕೆ ಬೆರೆಸುವ ಸಫೇದು. ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ 90 ಮಂದಿ ಕೆಲಸ ಮಾಡುತ್ತಿದ್ದರೂ ಐದು ವರ್ಷ ಒಬ್ಬರಿಗೂ ವಿಷ ಏರಿರಲಿಲ್ಲ. ಅದೇ ಕೆಲಸದ ಅಮೆರಿಕದ ಒಂದು ಕಾರ್ಖಾನೆಯಲ್ಲಿ 85 ಮಂದಿಯ ಪೈಕಿ 35 ಮಂದಿಗೆ ಆರು ತಿಂಗಳಲ್ಲಿ ಏರಿತ್ತು. ಅಮೆರಿಕದ ಕೂಲಿಕಾರ ಇಂಗ್ಲೆಂಡಿನವನಿಗಿಂತ ಕೊಳಕ ಎಂದು ಇದಕ್ಕೆ ಅರ್ಥ ಹೇಳಲಾಗದು. ವ್ಯತ್ಯಾಸ ಇದ್ದದ್ದು ಧೂಳಿನಲ್ಲಿ. ಒಂದು ಕಡೆ ಧೂಳು ಏಳದಂತೆ ನೀರು ಚಿಮುಕಿಸಿ, ಯಂತ್ರಗಳಿಗೆ ಮುಚ್ಚಳ ಹಾಕಿ, ಗಾಳಿ ಎಳೆಯುವ ಕೊಳವೆ ಇಟ್ಟಿದ್ದರು. ಇನ್ನೊಂದು ಕಡೆ ಏನೂ ಇರಲಿಲ್ಲ. ಉಗುರಿನ ಸಂದಿಯ ಸೀಸಕ್ಕಿಂತ ಉಸಿರಿನ ಜೊತೆ ಹೋಗುವ ಸೀಸ ಹೆಚ್ಚು ಕೆಡುಕು ಎಂಬುದು ಆಕೆಯ ವರದಿಗಳಲ್ಲಿ ಮತ್ತೆಮತ್ತೆ ಬರುವ ಮಾತು.

ಮಾಲೀಕರೆಲ್ಲ ಕೆಟ್ಟವರು ಎಂದು ಆಕೆ ನಂಬಿರಲಿಲ್ಲ. ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಷ್ ತನ್ನ ಕಾರ್ಖಾನೆಯಲ್ಲಿ ಯಾರಿಗೂ ವಿಷ ಏರಿಲ್ಲ ಎಂದು ನಿಜವಾಗಿಯೂ ತಿಳಿದಿದ್ದ. ಸಾಕ್ಷಿ ತಂದರೆ ಹೇಳಿದ್ದನ್ನೆಲ್ಲ ಮಾಡುತ್ತೇನೆ ಎಂದು ಮಾತು ಕೊಟ್ಟ. ಆಸ್ಪತ್ರೆ ಸೇರಬೇಕಾಗಿ ಬಂದ 22 ಮಂದಿಯ ದಾಖಲೆಯನ್ನು ಆಲಿಸ್ ಮುಂದಿಟ್ಟರು. ಕಾರ್ನಿಷ್ ಮಾತು ಉಳಿಸಿಕೊಂಡ. ಧೂಳು ಹಿಡಿಯುವ ಏರ್ಪಾಡೂ ಆಯಿತು, ಡಾಕ್ಟರೂ ಬಂದರು. ಪುಲ್‌ಮನ್ ರೈಲು ಬೋಗಿ ಕಂಪನಿಯಲ್ಲಿ ಕೆಲಸ ಇಷ್ಟು ಸಲೀಸಾಗಲಿಲ್ಲ. ಬೋಗಿಯ ಚಾವಣಿಗೆ ಬಳಿದ ಸೀಸದ ಬಣ್ಣವನ್ನು ತಲೆ ಮೇಲೆತ್ತಿ ಉಜ್ಜುವವರ ಮುಖದ ಮೇಲೇ ಪುಡಿ ಬೀಳುತ್ತಿತ್ತು. ಹಲ್ ಹೌಸಿಗೆ ನೆರವಾಗುತ್ತಿದ್ದ ಶ್ರೀಮಂತೆ ಶ್ರೀಮತಿ ಬೋವೆನ್ ಆ ಕಂಪನಿಯ ಷೇರುದಾರರೂ ಆಗಿದ್ದರು. ಅವರು ಜೋರು ಮಾಡಿದ ಮೇಲೆ ಅಲ್ಲಿ ಬದಲಾವಣೆ ಬಂತು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಆಕೆಯನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ಕರೆಯಿತು. ಅಲ್ಲಿ ಕಲಿಸಿದ ಮೊದಲ ಹೆಂಗಸು ಆಕೆ. ಕಾರ್ಖಾನೆ ರೋಗಗಳ ವಿಷಯದಲ್ಲಿ ಆಕೆಯಷ್ಟು ತಿಳಿದ ಗಂಡಸು ಸಿಗದಿದ್ದರಿಂದ ಕರೆಯಬೇಕಾಯಿತು. ಷರತ್ತುಗಳು ಮಾತ್ರ ಕೇಳಿದರೆ ನಗು ಬರುತ್ತವೆ. ಪ್ರಾಧ್ಯಾಪಕರ ಕ್ಲಬ್ಬಿಗೆ ಕಾಲಿಡುವಂತಿಲ್ಲ, ಫುಟ್‌ಬಾಲ್ ಪಂದ್ಯದ ಟಿಕೆಟ್ ಕೇಳುವಂತಿಲ್ಲ, ಪದವಿ ಪ್ರದಾನದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ. 1935ರಲ್ಲಿ ನಿವೃತ್ತರಾಗುವಾಗಲೂ ಆಕೆ ಸಹಾಯಕ ಪ್ರಾಧ್ಯಾಪಕಿಯೇ. ಬಡ್ತಿ ಸಿಗಲೇ ಇಲ್ಲ. ಆ ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿನಿಯರು ಸೇರಿದ್ದೇ 1945ರಲ್ಲಿ.

ಆಕೆ ಇದ್ದ ಕಾಲದಲ್ಲೇ ಹಾರ್ವರ್ಡಿನಲ್ಲಿ ಜೋಸೆಫ್ ಆಬ್ ಮತ್ತು ಸಂಗಡಿಗರು ಸೀಸ ಮೈಯೊಳಗೆ ಏನು ಮಾಡುತ್ತದೆ ಎಂಬುದನ್ನು ಪರೀಕ್ಷೆಗೆ ಒಡ್ಡಿದರು. ಸೀಸದ ಉದ್ಯಮವೇ ಅದಕ್ಕೆ ಹಣ ಕೊಟ್ಟಿತ್ತು. ಮೈಗೆ ಹೋದ ಸೀಸ ಕೊನೆಗೆ ಮೂಳೆಯಲ್ಲಿ ಸುಣ್ಣದ ಜೊತೆ ಸೇರಿ ಕೂರುತ್ತದೆ ಎಂದು ಅವರು ತೋರಿಸಿದರು. ಕೆಂಪು ರಕ್ತಕಣದ ಬಗ್ಗೆ ಅವರು 1924ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೂ ಸ್ವಾರಸ್ಯದ್ದು. ಆರೋಗ್ಯವಂತ ಕೆಂಪು ಕಣ ರಬ್ಬರಿನಂತೆ ಮೆತ್ತಗಿರುತ್ತದೆ. ತನಗಿಂತ ಸಣ್ಣ ನಾಳದೊಳಗೂ ಬಾಗಿ ಬಳುಕಿ ನುಸುಳುತ್ತದೆ. ಸೀಸ ತಗುಲಿದ ಕಣದ ಮೈ ಗಡುಸಾಗುತ್ತದೆ, ಬಳುಕುವ ಗುಣ ಕಳೆದುಕೊಂಡು ಸುಲಭವಾಗಿ ಒಡೆಯುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ ಬೇಗ ಸಾಯುತ್ತದೆ.

ಅದು ಅರ್ಧ ಕಥೆ. ಉಳಿದರ್ಧ ನಂತರದ ದಶಕಗಳಲ್ಲಿ ತಿಳಿದುಬಂತು. ರಕ್ತ ಕೆಂಪಗಿರುವುದು ಹೀಮ್ ಎಂಬ ವಸ್ತುವಿನಿಂದ. ಅದರ ನಡುವೆ ಒಂದು ಕಬ್ಬಿಣದ ಅಣು ಕೂತಿರುತ್ತದೆ, ಅದೇ ಪ್ರಾಣವಾಯುವನ್ನು ಹೊರುತ್ತದೆ. ಮೂಳೆಯ ಮಜ್ಜೆಯಲ್ಲಿ ಹೀಮ್ ತಯಾರಾಗಲು ಕೆಲವು ಕಿಣ್ವಗಳು ಸಾಲಾಗಿ ಕೆಲಸ ಮಾಡಬೇಕು. ಸೀಸ ಆ ಸಾಲಿನ ಆರಂಭದ ಹತ್ತಿರ ಒಂದು ಕಿಣ್ವವನ್ನು ತಡೆಯುತ್ತದೆ. ಕೊನೆಗೆ ಕಬ್ಬಿಣವನ್ನು ಜಾಗದಲ್ಲಿ ಕೂರಿಸುವ ಕಿಣ್ವವನ್ನೂ ತಡೆಯುತ್ತದೆ. ಕಬ್ಬಿಣ ಇದ್ದೂ ಇಲ್ಲದಂತಾಗುತ್ತದೆ, ಅದರ ಜಾಗದಲ್ಲಿ ಸತು ಹೋಗಿ ಕೂರುತ್ತದೆ. ಹೊಸ ಕಣಗಳು ಸೊರಗಿ ಹುಟ್ಟುತ್ತವೆ, ಹಳೆಯವು ಅವಧಿಗೆ ಮುಂಚೆ ಒಡೆಯುತ್ತವೆ. ಎರಡೂ ಕಡೆಯಿಂದ ನಷ್ಟ. ಸೀಸದ ಕೆಲಸದವರ ಮುಖ ಬಿಳಿಚಿಕೊಳ್ಳುವುದನ್ನು ಆಲಿಸ್ ಕಂಡದ್ದು ಇದರಿಂದಲೇ. ಇಂಥ ರಕ್ತಹೀನತೆಗೆ ಬರೀ ಕಬ್ಬಿಣದ ಮಾತ್ರೆ ಕೊಟ್ಟರೆ ಸಾಲದು, ಸೀಸದ ಮೂಲವನ್ನು ಮೊದಲು ದೂರ ಮಾಡಬೇಕು. ಹಾಗೆಂದು ಕಬ್ಬಿಣ ಬೇಡವೆಂದಲ್ಲ. ಆಹಾರದಲ್ಲಿ ಕಬ್ಬಿಣ ಕಡಿಮೆಯಾದ ಮಗುವಿನ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ.

ರಕ್ತದ ಹನಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೀಸ ಏರಿದವನ ಕೆಲವು ಕೆಂಪು ಕಣಗಳಲ್ಲಿ ನೀಲಿ ಚುಕ್ಕೆಗಳು ಕಾಣುತ್ತವೆ. ಯುರೋಪಿನ ವೈದ್ಯರು ಇದನ್ನು ಮೊದಲೇ ಗುರುತಿಸಿದ್ದರು. ಕಣ ಬೆಳೆಯುವಾಗ ಒಳಗಿನ ಆರ್‌ಎನ್‌ಎ ಎಂಬ ವಸ್ತು ಪುಡಿಯಾಗಿ ಹೊರಹೋಗಬೇಕು. ಅದನ್ನು ಪುಡಿಮಾಡುವ ಕಿಣ್ವವನ್ನೂ ಸೀಸ ಕಟ್ಟಿಹಾಕುವುದರಿಂದ ಚೂರುಗಳು ಉಳಿದು ಚುಕ್ಕೆಯಾಗಿ ಕಾಣುತ್ತವೆ. ಥಲಸೀಮಿಯಾದಂಥ ಬೇರೆ ಕಾಯಿಲೆಗಳಲ್ಲೂ ಚುಕ್ಕೆ ಬರುವುದುಂಟು, ಆದ್ದರಿಂದ ಅದೊಂದನ್ನೇ ನಂಬಲಾಗದು. ರಕ್ತದಲ್ಲಿರುವ ಸೀಸದ ಬಹುಪಾಲು, ನೂರಕ್ಕೆ 95ಕ್ಕಿಂತ ಹೆಚ್ಚು, ಕೆಂಪು ಕಣಗಳಲ್ಲೇ ಇರುತ್ತದೆ. ಅದಕ್ಕಾಗಿಯೇ ಇಂದಿಗೂ ಸೀಸದ ಪರೀಕ್ಷೆಗೆ ಇಡೀ ರಕ್ತವನ್ನು ಕಳಿಸುತ್ತಾರೆ, ತಿಳಿನೀರನ್ನು ಬೇರ್ಪಡಿಸಿ ಕಳಿಸುವುದಿಲ್ಲ.

ಸೀಸ ಒಂದೇ ಅಲ್ಲ. ಟೋಪಿ ಮಾಡುವವರ ಕೈ ನಡುಗಿಸುವ ಪಾದರಸ, ಮೊದಲ ಮಹಾಯುದ್ಧದ ಮದ್ದುಗುಂಡು ಕಾರ್ಖಾನೆಗಳ ಟಿಎನ್‌ಟಿ, ಮಜ್ಜೆಯನ್ನೇ ಒಣಗಿಸುವ ಬೆಂಜೀನ್ ಇವುಗಳ ಬೆನ್ನನ್ನೂ ಆಕೆ ಹತ್ತಿದರು. ಪಾಷಾಣ ಬೆರೆತ ಲೋಹಕ್ಕೆ ಆಮ್ಲ ತಗುಲಿದಾಗ ಏಳುವ ಆರ್ಸೀನ್ ಅನಿಲವಂತೂ ಕೆಲವೇ ಗಂಟೆಗಳಲ್ಲಿ ಕೆಂಪು ಕಣಗಳನ್ನು ಒಡೆದು ಮೂತ್ರವನ್ನು ಕಪ್ಪುಗೆಂಪು ಮಾಡುತ್ತದೆ. ಇದನ್ನೆಲ್ಲ ಒಟ್ಟುಗೂಡಿಸಿ 1925ರಲ್ಲಿ ಅಮೆರಿಕದ ಕಾರ್ಖಾನೆ ವಿಷಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದರು.

ಅದೇ ವರ್ಷ ಆಕೆ ಒಂದು ದೊಡ್ಡ ಸೋಲನ್ನೂ ಕಂಡರು. ಮೋಟಾರಿನ ಎಂಜಿನ್ ಬಡಿತ ನಿಲ್ಲಿಸಲು ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವ ಬೆರೆಸುವುದು ಆಗಷ್ಟೇ ಶುರುವಾಗಿತ್ತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಸ್ಥಾವರದಲ್ಲಿ ಅದನ್ನು ತಯಾರಿಸುತ್ತಿದ್ದವರು ಹುಚ್ಚರಂತಾಡಿ ಐದು ಮಂದಿ ಸತ್ತರು. ಈ ಬಗೆಯ ಸೀಸ ಮೊದಲು ಮಿದುಳಿಗೇ ಹೊಡೆಯುತ್ತದೆ. ಉರಿದು ಹೊಗೆಯಾದ ಮೇಲೆ ಮಾಮೂಲಿ ಸೀಸದ ಧೂಳಾಗಿ ಎಲ್ಲರ ರಕ್ತಕ್ಕೂ ಸೇರುತ್ತದೆ. 1925ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ನಡೆದ ಸಭೆಯಲ್ಲಿ ಆಲಿಸ್ ಇದನ್ನು ವಿರೋಧಿಸಿದರು. ಕಾರ್ಖಾನೆಯ ಗೋಡೆಯೊಳಗೇ ಸೀಸದ ಧೂಳು ಹಿಡಿಯುವುದು ಕಷ್ಟ, ದೇಶದ ಬೀದಿಗಳಲ್ಲೆಲ್ಲ ಚೆಲ್ಲಿದರೆ ಯಾರು ಹಿಡಿಯುತ್ತಾರೆ ಎಂಬುದು ಆಕೆಯ ವಾದದ ತಿರುಳು. ಮರುವರ್ಷ ಸಮಿತಿ ನಿಷೇಧಕ್ಕೆ ಕಾರಣವಿಲ್ಲ ಎಂದಿತು.

ಆ ತೀರ್ಮಾನದ ಬೆಲೆ ಮುಂದೆ ಲೆಕ್ಕಕ್ಕೆ ಸಿಕ್ಕಿತು. 1976ರಿಂದ 80ರ ನಡುವೆ ಅಮೆರಿಕದವರ ರಕ್ತದಲ್ಲಿ ಡೆಸಿಲೀಟರಿಗೆ ಸರಾಸರಿ 12.8 ಮೈಕ್ರೋಗ್ರಾಂ ಸೀಸ ಇತ್ತು. ಸೀಸದ ಪೆಟ್ರೋಲ್ ಕಡಿಮೆಯಾದ ಮೇಲೆ, 1988ರಿಂದ 91ರ ನಡುವಿನ ಅಳತೆಯಲ್ಲಿ ಅದು 2.8ಕ್ಕೆ ಇಳಿಯಿತು. ಭಾರತದಲ್ಲಿ 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಬೆಂಗಳೂರು ಸೇರಿದಂತೆ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆಯೂ ಆ ಹೊತ್ತಿನಲ್ಲೇ ಆಯಿತು. ಪರೀಕ್ಷೆಯಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೀಸ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಮೇಲಿತ್ತು. 2000ದಲ್ಲಿ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೂ ಮೂಲ ಹುಡುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಸೂಚಿಸಿತು. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ಅದು ಹೇಳುತ್ತದೆ. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವುದು, ಪಾತ್ರೆಯ ಕಲಾಯಿಗೆ ತವರದ ಜೊತೆ ಸೀಸ ಬೆರೆಸುವುದು, ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಕೆರೆಯುವುದು ಇವೆಲ್ಲ ಆಲಿಸ್ ನೋಡಿದ್ದರೆ ಆಕೆಗೆ ಹೊಸದೆನಿಸುತ್ತಿರಲಿಲ್ಲ.

ನಿವೃತ್ತಿಯ ಬಳಿಕ ಆಕೆ ಕನೆಕ್ಟಿಕಟ್ ರಾಜ್ಯದ ಹ್ಯಾಡ್‌ಲೈಮ್ ಎಂಬ ಹಳ್ಳಿಯಲ್ಲಿ, ನದಿ ದಂಡೆಯ ಮನೆಯಲ್ಲಿ ತಂಗಿ ಮಾರ್ಗರೆಟ್ ಜೊತೆ ನೆಲೆಸಿದರು. 1943ರಲ್ಲಿ ಆತ್ಮಕಥೆ ಬಂತು. 1944ರಿಂದ ಐದು ವರ್ಷ ರಾಷ್ಟ್ರೀಯ ಬಳಕೆದಾರರ ಲೀಗಿನ ಅಧ್ಯಕ್ಷೆಯಾಗಿದ್ದರು. ಯುದ್ಧಗಳನ್ನು ಮೊದಲಿನಿಂದಲೂ ವಿರೋಧಿಸುತ್ತಿದ್ದ ಆಕೆ ತೊಂಬತ್ತು ದಾಟಿದ ಮೇಲೂ ವಿಯೆಟ್ನಾಂ ಯುದ್ಧ ನಿಲ್ಲಿಸಬೇಕೆಂದು ಸಹಿ ಹಾಕಿದರು. 1970ರ ಸೆಪ್ಟೆಂಬರ್ 22ರಂದು, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 29ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಕಾನೂನಿಗೆ ಸಹಿ ಹಾಕಿದರು. ಸಿನ್ಸಿನಾಟಿ ನಗರದಲ್ಲಿರುವ ಕಾರ್ಮಿಕ ಆರೋಗ್ಯದ ಸರ್ಕಾರಿ ಪ್ರಯೋಗಾಲಯಕ್ಕೆ 1987ರಲ್ಲಿ ಆಕೆಯ ಹೆಸರಿಡಲಾಯಿತು, 1995ರಲ್ಲಿ 55 ಸೆಂಟ್‌ನ ಅಂಚೆಚೀಟಿ ಬಂತು. ಸಮಾಧಿ ಹ್ಯಾಡ್‌ಲೈಮ್‌ನ ಕೋವ್ ಸ್ಮಶಾನದಲ್ಲಿದೆ.